ಎತ್ತಿಗೆ ಜ್ವರ, ಎಮ್ಮೆಗೆ ಬರೆ... ಅದೂ ಮಂಜಿನ ಮೇಲೆ!

"ಆಟದಲ್ಲಿ ರಾಜಕೀಯ ತರಬೇಡಿ."

ನಾಲ್ಕು ವರ್ಷಕ್ಕೊಮ್ಮೆ ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಈ ಭಜನೆ ಶುರುವಾಗುತ್ತೆ. ಸಮಿತಿಯ ಅಧ್ಯಕ್ಷರು ಹೇಳ್ತಾರೆ, ಮಂತ್ರಿಗಳು ಹೇಳ್ತಾರೆ, ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತ ತಜ್ಞರು ಹೇಳ್ತಾರೆ. ನಾವೂ ಹೌದಪ್ಪ ಹೌದು ಅಂತ ತಲೆಯಾಡಿಸ್ತೀವಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಈ ಮಾತನ್ನು ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಒಂದು ಸಲ ಗಮನಿಸಿ. ಪ್ರತಿ ಸಲವೂ ಕುರ್ಚಿಯ ಮೇಲೆ ಕೂತವರು ಮಂಜಿನ ಮೇಲೆ ನಿಂತವನಿಗೆ ಹೇಳ್ತಿರ್ತಾರೆ. ಮಂಜಿನ ಮೇಲೆ ನಿಂತವನು ಕುರ್ಚಿಯವರಿಗೆ ಹೇಳಿ, ಅವರು ಕೇಳಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ.

"ನಮಗ್ಯಾಕೆ ಸ್ವಾಮಿ ಮಂಜಿನ ಆಟದ ಉಸಾಬರಿ? ನಮ್ಮ ಕಡೆ ಐಸ್ ಅಂದ್ರೆ ಐಸ್ ಕ್ಯಾಂಡಿ" ಅಂತ ಕೇಳೋರು ನಿಮ್ಮಲ್ಲಿ ಇದ್ದೇ ಇರ್ತೀರಿ. ಒಪ್ಪಿದೆ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಇವತ್ತಿನವರೆಗೆ ಒಂದೇ ಒಂದು ಪದಕ ಬಂದಿಲ್ಲ. ಆದರೂ ಈ ಬರೆ ನಮ್ಮ ದೇಶದ ಆಟಗಾರನ ಬೆನ್ನಿಗೂ ಬಿದ್ದಿದೆ. ಅಲ್ಲಿಗೆ ಬರ್ತೀನಿ, ಸ್ವಲ್ಪ ತಾಳ್ಮೆಯಿರಲಿ.

*

ಮೊದಲು ಒಂದು ಹೆಲ್ಮೆಟ್ಟಿನ ಕಥೆ, ಆಮೇಲೆ ಒಂದು ಬಾವುಟದ ಕಥೆ.

ಸ್ಕೆಲಿಟನ್ ಅಂತ ಒಂದು ಆಟ ಇದೆ. ಚಿಕ್ಕದೊಂದು ಜಾರುಬಂಡಿಯ ಮೇಲೆ ಬೋರಲು ಮಲಗಿ, ತಲೆ ಮುಂದೆ ಮಾಡಿಕೊಂಡು, ಹಿಮಗಟ್ಟಿದ ಕಾಲುವೆಯಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಜಾರೋದು. ನೋಡೋರಿಗೇ ಎದೆ ಝಲ್ಲೆನ್ನುತ್ತೆ. ಉಕ್ರೇನಿನ ವ್ಲಾದಿಸ್ಲಾವ್ ಹೆರಾಸ್ಕೆವಿಚ್ ಈ ಆಟದವನು. 2022ರ ಫೆಬ್ರವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ತನ್ನ ಸರದಿ ಮುಗಿಸಿ, ಕ್ಯಾಮೆರಾ ಮುಂದೆ ಒಂದು ಕಾಗದ ಹಿಡಿದ. "ಉಕ್ರೇನಿನಲ್ಲಿ ಯುದ್ಧ ಬೇಡ" ಅನ್ನೋದಷ್ಟೇ ಅದರಲ್ಲಿ ಇದ್ದದ್ದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಆಗ ದೊಡ್ಡ ಮನಸ್ಸು ಮಾಡಿ, ಇದು ಶಾಂತಿಗಾಗಿ ಮಾಡಿದ ಸಾಮಾನ್ಯ ಮನವಿ, ನಿಯಮ ಮುರಿದಂತಲ್ಲ ಅಂತ ಬಿಟ್ಟುಬಿಟ್ಟಿತು. ಒಲಿಂಪಿಕ್ಸ್ ಮುಗಿದ ನಾಲ್ಕೇ ದಿನಕ್ಕೆ, ಫೆಬ್ರವರಿ 24ಕ್ಕೆ, ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು.

ನಾಲ್ಕು ವರ್ಷ ಕಳೆದು 2026ರ ಫೆಬ್ರವರಿಯಲ್ಲಿ ಇಟಲಿಯ ಮಿಲಾನೋ-ಕೊರ್ತಿನಾ ಒಲಿಂಪಿಕ್ಸಿಗೆ ಅದೇ ಮನುಷ್ಯ ಬಂದ. ಈ ಸಲ ಅವನ ಹೆಲ್ಮೆಟ್ಟಿನ ಮೇಲೆ ಮುಖಗಳಿದ್ದವು. ಯುದ್ಧದಲ್ಲಿ ಸತ್ತ ಉಕ್ರೇನಿನ ಕ್ರೀಡಾಪಟುಗಳ ಮುಖಗಳು. ಘೋಷಣೆ ಇಲ್ಲ, ಬೈಗುಳ ಇಲ್ಲ, ರಷ್ಯಾದ ಹೆಸರೂ ಇಲ್ಲ. ಸಮಿತಿ ಹೇಳಿತು, ಸ್ಪರ್ಧೆಯಲ್ಲಿ ಇದನ್ನು ಹಾಕುವಂತಿಲ್ಲ, ಬೇಕಿದ್ದರೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೋ. ಅವನು ಒಪ್ಪಲಿಲ್ಲ. ಸ್ಪರ್ಧೆ ಶುರುವಾಗುವ ಹೊತ್ತಿಗೆ ಅವನನ್ನು ಅನರ್ಹ ಮಾಡಿ ಮನೆಗೆ ಕಳಿಸಿದರು. ಕ್ರೀಡಾ ನ್ಯಾಯಮಂಡಳಿಗೆ ಹೋದ, ಅಲ್ಲೂ ಸೋತ.

ಈಗ ಬಾವುಟದ ಕಥೆ.

2002ರ ಫೆಬ್ರವರಿ 8. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಉದ್ಘಾಟನೆ. ನ್ಯೂಯಾರ್ಕಿನ ಜೋಡಿ ಗೋಪುರಗಳು ಬಿದ್ದು ಐದು ತಿಂಗಳಾಗಿತ್ತು. ಅಲ್ಲಿನ ಅವಶೇಷಗಳ ನಡುವೆ ಸಿಕ್ಕ ಹರಿದ ಬಾವುಟವನ್ನು ಕ್ರೀಡಾಂಗಣಕ್ಕೆ ತರ್ತೀವಿ ಅಂದರು ಅಮೆರಿಕನ್ನರು. ಸಮಿತಿ ಮೊದಲು ಆಗಲ್ಲ ಅಂದಿತು. ಗಲಾಟೆಯಾಯ್ತು. ಆಮೇಲೆ ಆಗಲಿ ಅಂದಿತು. ಬಾವುಟ ಬಂತು, ಇಡೀ ಕ್ರೀಡಾಂಗಣ ಮೌನವಾಯ್ತು. ಅಧ್ಯಕ್ಷ ಬುಷ್ ಕ್ರೀಡಾಕೂಟ ಉದ್ಘಾಟಿಸುವಾಗ, ಒಲಿಂಪಿಕ್ ಸನ್ನದಿನಲ್ಲಿ ಬರೆದಿಟ್ಟ ಸಿದ್ಧ ವಾಕ್ಯಕ್ಕೆ ತಮ್ಮ ದೇಶದ ಬಗ್ಗೆ ನಾಲ್ಕು ಹೊಗಳಿಕೆಯ ಮಾತು ಸೇರಿಸಿಯೇ ಓದಿದರು. ಯಾರೂ ಅವರನ್ನು ಅನರ್ಹ ಮಾಡಲಿಲ್ಲ ಬಿಡಿ!

ಆ ಬಾವುಟ ತಂದದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಮೂರು ಸಾವಿರದಷ್ಟು ಜನ ಸತ್ತ ಮನೆಯದು. ದುಃಖ ಇರುತ್ತೆ, ಇರಬೇಕು. ನನ್ನ ಪ್ರಶ್ನೆ ಇಷ್ಟೇ. ಅದೂ ಸತ್ತವರ ನೆನಪು, ಇದೂ ಸತ್ತವರ ನೆನಪು. ಒಂದಕ್ಕೆ ಕ್ರೀಡಾಂಗಣದ ಮಹಾದ್ವಾರ, ಇನ್ನೊಂದಕ್ಕೆ ಕತ್ತು ಹಿಡಿದು ಹೊರಗೆ. ಯಾಕೆ? ಮೊದಲನೆಯದು ಆತಿಥ್ಯ ಕೊಟ್ಟ ಮಹಾಶಕ್ತಿಯ ದುಃಖ. ಎರಡನೆಯದು ಒಬ್ಬ ಜಾರುಬಂಡಿಯವನ ತಲೆಯ ಮೇಲಿದ್ದ ದುಃಖ. ಬೇರೆ ವ್ಯತ್ಯಾಸ ನಿಮಗೇನಾದ್ರೂ ಕಂಡರೆ ಹೇಳಿ, ನನಗಂತೂ ಕಂಡಿಲ್ಲ.

*

"ಮೊದಲೆಲ್ಲ ಆಟ ಶುದ್ಧವಾಗಿತ್ತು, ಈಗ ಕೆಟ್ಟಿದೆ" ಅನ್ನೋ ಹಳೇ ಕಾಲದ ಹಂಬಲವನ್ನೂ ಇಲ್ಲೇ ಮುಗಿಸಿಬಿಡೋಣ. ಚಳಿಗಾಲದ ಒಲಿಂಪಿಕ್ಸ್ ಶುರುವಾದದ್ದು 1924ರಲ್ಲಿ, ಫ್ರಾನ್ಸಿನ ಶಾಮೊನಿಯಲ್ಲಿ. ನಾಲ್ಕನೆಯ ಕೂಟದ ಹೊತ್ತಿಗೆ, ಅಂದರೆ 1936ಕ್ಕೆ, ಅತಿಥೇಯ ಯಾರು ಗೊತ್ತಾ? ಹಿಟ್ಲರ್! ಬವೇರಿಯಾದ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಅನ್ನೋ ಊರು. ಆ ಊರಿನ ದಾರಿಯಲ್ಲಿ ಯೆಹೂದಿಗಳು ಇಲ್ಲಿಗೆ ಬರಕೂಡದು ಅನ್ನೋ ಫಲಕಗಳಿದ್ದವು. ಒಲಿಂಪಿಕ್ ಸಮಿತಿಯ ಆಗಿನ ಅಧ್ಯಕ್ಷ ಬೈಯೆ-ಲಾತೂರ್ ಆಕ್ಷೇಪ ಎತ್ತಿದರು. ಫಲಕಗಳನ್ನು ಕಿತ್ತು ಒಳಗಿಟ್ಟರು. ಸಮಿತಿಗೆ ತೃಪ್ತಿಯಾಯ್ತು. ಫಲಕ ಹೋಯ್ತಲ್ಲ, ಇನ್ನೇನು? ಕೂಟ ಫೆಬ್ರವರಿ 16ಕ್ಕೆ ಮುಗಿಯಿತು. ಮಾರ್ಚ್ 7ಕ್ಕೆ ಹಿಟ್ಲರನ ಸೇನೆ, ಸೇನೆ ಇಡಬಾರದೆಂದು ಒಪ್ಪಂದವಾಗಿದ್ದ ರೈನ್‌ಲ್ಯಾಂಡಿಗೆ ನುಗ್ಗಿತು.

ಇದಕ್ಕಿಂತ ತಮಾಷೆ ಮುಂದಿದೆ. 1938ರ ನವೆಂಬರಿನಲ್ಲಿ ಜರ್ಮನಿಯ ಉದ್ದಗಲಕ್ಕೂ ಯೆಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳನ್ನು ಸುಟ್ಟರು. 1939ರ ಮಾರ್ಚಿನಲ್ಲಿ ಪ್ರಾಗ್ ನಗರವನ್ನು ಹಿಡಿದರು. ಇಷ್ಟೆಲ್ಲ ಆದಮೇಲೆ, 1939ರ ಜೂನಿನಲ್ಲಿ ಒಲಿಂಪಿಕ್ ಸಮಿತಿ ಸೇರಿ, 1940ರ ಚಳಿಗಾಲದ ಕೂಟವನ್ನು ಮತ್ತೆ ಅದೇ ಗಾರ್ಮಿಶ್‌ಗೆ ಕೊಟ್ಟಿತು! ಯುದ್ಧ ಶುರುವಾಯ್ತು, ಕೂಟ ನಡೆಯಲಿಲ್ಲ. ಇಲ್ಲದಿದ್ದರೆ ನಡೆಸಿಯೇ ಬಿಡ್ತಿದ್ದರು. ಯುದ್ಧ ಮುಗಿದಮೇಲೆ 1948ರ ಸೇಂಟ್ ಮಾರಿಟ್ಸ್ ಕೂಟಕ್ಕೆ ಜರ್ಮನಿ, ಜಪಾನ್ ದೇಶಗಳನ್ನು ಕರೆಯಲಿಲ್ಲ. ಹಿಟ್ಲರನ ಕೈಕುಲುಕಿದ ಸಮಿತಿ ಹಾಗೇ ಉಳಿಯಿತು. ಹೊರಗುಳಿದವರು ಸ್ಕೀ ಕಟ್ಟಿಕೊಂಡ ಹುಡುಗರು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಗಾದೆ ಮಾಡಿದ ನಮ್ಮ ಹಿರಿಯರು ಒಲಿಂಪಿಕ್ಸ್ ನೋಡಿರಲಿಲ್ಲ. ಆದರೂ ಎಷ್ಟು ಕರಾರುವಾಕ್ಕು ನೋಡಿ!

*

ಶೀತಲ ಸಮರದ ಕಾಲಕ್ಕೆ ಬನ್ನಿ. ಶೀತಲ ಸಮರಕ್ಕೂ ಐಸ್ ಹಾಕಿಗೂ ಹೆಸರಲ್ಲೇ ನೆಂಟಸ್ತಿಕೆ.

1956ರ ಕೊನೆಗೆ ಸೋವಿಯತ್ ಟ್ಯಾಂಕುಗಳು ಹಂಗೇರಿಯನ್ನು ತುಳಿದವು. 1957ರ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್ ನಡೆಯೋದಿತ್ತು ಮಾಸ್ಕೋದಲ್ಲಿ. ಅಮೆರಿಕ, ಕೆನಡಾ ಬರಲ್ಲ ಅಂದವು. 1961ರಲ್ಲಿ ಬರ್ಲಿನ್ ಗೋಡೆ ಎದ್ದಿತು. ಅದಕ್ಕೆ ಪ್ರತಿಯಾಗಿ ಪಶ್ಚಿಮದವರು ಪೂರ್ವ ಜರ್ಮನಿಯ ಜನರ ಪ್ರಯಾಣಕ್ಕೆ ಅಡ್ಡಗಾಲು ಹಾಕಿದರು. 1962ರ ಚಾಂಪಿಯನ್‌ಶಿಪ್ ಇದ್ದದ್ದು ಅಮೆರಿಕದ ಕೊಲರಾಡೋದಲ್ಲಿ. ಪೂರ್ವ ಜರ್ಮನಿಯ ತಂಡಕ್ಕೆ ವೀಸಾ ಸಿಗಲಿಲ್ಲ, ಹಾಗಾದರೆ ನಾವೂ ಬರಲ್ಲ ಅಂತ ಸೋವಿಯತ್ ಒಕ್ಕೂಟ, ಚೆಕೊಸ್ಲೊವಾಕಿಯಾ ಮನೆಯಲ್ಲೇ ಕೂತವು. ಎರಡೂ ಸಲ ಚಿನ್ನ ಗೆದ್ದದ್ದು ಯಾರು ಹೇಳಿ? ಸ್ವೀಡನ್! ಯಾವ ಬಣಕ್ಕೂ ಸೇರದೆ ತೆಪ್ಪಗಿದ್ದ ದೇಶ. ಅವರು ಚೆನ್ನಾಗೇ ಆಡಿದರು, ಅನುಮಾನ ಇಲ್ಲ. ಆದರೆ ಹಂಗೇರಿಗೆ ಬಿಡುಗಡೆ ಸಿಗಲಿಲ್ಲ, ಬರ್ಲಿನ್ ಗೋಡೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಎರಡೂ ಕಡೆಯ ಒಂದಷ್ಟು ಹುಡುಗರ ಬದುಕಿನ ಒಳ್ಳೇ ವರ್ಷಗಳು ಮಾತ್ರ ಕರಗಿಹೋದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು.

ಈಗ ಇದೇ ಹಾಕಿಯ ಇನ್ನೊಂದು ಮುಖ ನೋಡಿ. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆ ಚೆಕೊಸ್ಲೊವಾಕಿಯಾದೊಳಗೆ ನುಗ್ಗಿತು. ಮುಂದಿನ ವರ್ಷ ಪ್ರಾಗ್‌ನಲ್ಲಿ ನಡೆಯಬೇಕಿದ್ದ ಚಾಂಪಿಯನ್‌ಶಿಪ್ ಸ್ಟಾಕ್‌ಹೋಮಿಗೆ ಹೋಯ್ತು. ಅಲ್ಲಿ ಚೆಕೊಸ್ಲೊವಾಕಿಯಾ ತಂಡ ಸೋವಿಯತ್ ತಂಡವನ್ನು ಎರಡು ಸಲ ಸೋಲಿಸಿತು. ಮೊದಲು 2-0, ಆಮೇಲೆ ಮಾರ್ಚ್ 28ಕ್ಕೆ 4-3. ಕೆಲವು ಆಟಗಾರರು ತಮ್ಮ ಅಂಗಿಯ ಲಾಂಛನದಲ್ಲಿದ್ದ ಕೆಂಪು ನಕ್ಷತ್ರದ ಮೇಲೆ ಟೇಪು ಅಂಟಿಸಿಕೊಂಡು ಆಡಿದ್ದರು. ಆಟ ಮುಗಿದಮೇಲೆ ಎದುರಾಳಿಗಳ ಕೈ ಕುಲುಕಲಿಲ್ಲ. ಆ ರಾತ್ರಿ ಚೆಕೊಸ್ಲೊವಾಕಿಯಾದ ಬೀದಿಬೀದಿಯಲ್ಲಿ ಜನ. ಪ್ರಾಗ್‌ನಲ್ಲಿದ್ದ ಸೋವಿಯತ್ ವಿಮಾನ ಕಂಪನಿಯ ಕಚೇರಿ ಪುಡಿಪುಡಿಯಾಯ್ತು. ಅದನ್ನೇ ನೆಪ ಮಾಡಿಕೊಂಡು ಮಾಸ್ಕೋ ಮತ್ತಷ್ಟು ಬಿಗಿ ಹಿಡಿಯಿತು. ಏಪ್ರಿಲಿನಲ್ಲಿ ಸುಧಾರಣೆಯ ನಾಯಕ ದುಬ್ಚೆಕ್ ಪಕ್ಷದ ನಾಯಕತ್ವದಿಂದ ಇಳಿಯಬೇಕಾಯ್ತು. ಚಾಂಪಿಯನ್‌ಶಿಪ್ಪಿನ ಚಿನ್ನ ಕೊನೆಗೂ ಸೋವಿಯತ್ ತಂಡಕ್ಕೇ ಹೋಯ್ತು.

ಈಗ ಹೇಳಿ, ಅಲ್ಲಿ ಆಟಕ್ಕೆ ರಾಜಕೀಯ ತಂದವರು ಯಾರು? ಟ್ಯಾಂಕು ತಂದವರೋ, ಟೇಪು ಅಂಟಿಸಿಕೊಂಡವರೋ? "ರಾಜಕೀಯ ಬೇಡ" ಅನ್ನೋ ನಿಯಮಪುಸ್ತಕ ಹಿಡಿದು ಓದಿದರೆ ತಪ್ಪು ಟೇಪಿನದು! ಟ್ಯಾಂಕು ಅಂಗಳದ ಹೊರಗಿತ್ತಲ್ಲ, ಅದು ನಿಯಮಕ್ಕೆ ಬರೋದಿಲ್ಲ.

1980ರ ಕಥೆಯಂತೂ ಕೇಳಲೇಬೇಡಿ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ಹೋಯ್ತು. ಮಾಸ್ಕೋದ ಬೇಸಿಗೆ ಒಲಿಂಪಿಕ್ಸನ್ನು ಬಹಿಷ್ಕರಿಸಬೇಕು ಅಂತ ಅಮೆರಿಕದ ಅಧ್ಯಕ್ಷ ಕಾರ್ಟರ್ ಗುಡುಗಿದರು. ಆದರೆ ಫೆಬ್ರವರಿಯಲ್ಲಿ ಚಳಿಗಾಲದ ಕೂಟ ಇದ್ದದ್ದು ಅಮೆರಿಕದ್ದೇ ಲೇಕ್ ಪ್ಲಾಸಿಡ್‌ನಲ್ಲಿ. ಅದಕ್ಕೆ ಸೋವಿಯತ್ತರು ಬರಬಹುದಿತ್ತು. ಬಂದರು, ಹಾಕಿಯಲ್ಲಿ ಅಮೆರಿಕದ ಕಾಲೇಜು ಹುಡುಗರ ಕೈಲಿ 4-3ರಿಂದ ಸೋತರು, ಅದು ಅಮೆರಿಕಕ್ಕೆ 'ಮಂಜಿನ ಮೇಲಿನ ಪವಾಡ'ವಾಯ್ತು. ಮಾಸ್ಕೋಗೆ ಹೋಗಬೇಕಿದ್ದ ಅಮೆರಿಕದ ಓಟಗಾರರು, ಈಜುಗಾರರು ಮನೆಯಲ್ಲೇ ಉಳಿದರು. ನಮ್ಮ ಮನೆ ಹಬ್ಬಕ್ಕೆ ಬನ್ನಿ, ನಿಮ್ಮ ಮನೆ ಹಬ್ಬಕ್ಕೆ ನಾವು ಬರಲ್ಲ! ಅದೇ ಲೇಕ್ ಪ್ಲಾಸಿಡ್‌ನಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು, ಅದನ್ನು ಯಾರೂ ಸಿನಿಮಾ ಮಾಡಲಿಲ್ಲ. ತೈವಾನಿನ ಆಟಗಾರರು ತಮ್ಮ ದೇಶದ ಹೆಸರು, ಬಾವುಟ ಹಿಡಿದು ಬಂದಿದ್ದರು. ಚೀನಾ ಆ ವರ್ಷ ಮೊದಲ ಸಲ ಚಳಿಗಾಲದ ಕೂಟಕ್ಕೆ ಬರ್ತಿತ್ತು. ಹೆಸರು ಬದಲಿಸಿಕೊಂಡರೆ ಒಳಗೆ, ಇಲ್ಲದಿದ್ದರೆ ಇಲ್ಲ ಅಂದರು. ಅವರು ಆಡದೆ ವಾಪಸಾದರು. 1984ರಿಂದ ಅವರು 'ಚೈನೀಸ್ ತೈಪೆ'. ಊರಿಗೆ ಊರೇ ಹೆಸರು ಬಿಟ್ಟುಕೊಟ್ಟು ಆಡಬೇಕು. ಇದು ರಾಜಕೀಯ ಅಲ್ವಂತೆ!

*

ನಮ್ಮ ಬೆನ್ನಿನ ಬರೆಗೆ ಬರ್ತೀನಿ ಅಂದಿದ್ದೆ.

ಹಿಮಾಚಲದ ಶಿವ ಕೇಶವನ್ ಲ್ಯೂಜ್ ಆಟಗಾರ. ಲ್ಯೂಜ್ ಅಂದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಜಾರೋದು. ಹದಿನಾರನೇ ವಯಸ್ಸಿಗೆ 1998ರ ನಾಗಾನೋ ಒಲಿಂಪಿಕ್ಸಿಗೆ ಹೋದವರು 2018ರವರೆಗೆ ಒಟ್ಟು ಆರು ಒಲಿಂಪಿಕ್ಸ್ ಆಡಿದರು. ದೇಶದಲ್ಲಿ ಸರಿಯಾದ ಹಿಮದ ಕಾಲುವೆ ಇಲ್ಲದೆ, ಚಕ್ರ ಕಟ್ಟಿದ ಬಂಡಿಯಲ್ಲಿ ಹಿಮಾಲಯದ ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡಿದ ಮನುಷ್ಯ. 2014ರಲ್ಲಿ ರಷ್ಯಾದ ಸೋಚಿಗೆ ಹೋದಾಗ ಅವರ ಕೈಯಲ್ಲಿ ತ್ರಿವರ್ಣ ಧ್ವಜ ಇರಲಿಲ್ಲ. ಯಾಕಂದ್ರೆ 2012ರ ಡಿಸೆಂಬರಿನಲ್ಲಿ, ಚುನಾವಣೆಯ ಗೊಂದಲ ಮತ್ತು ಆರೋಪ ಹೊತ್ತವರನ್ನೇ ಪದಾಧಿಕಾರಿ ಮಾಡಿದ ಕಾರಣಕ್ಕೆ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಂತಾರಾಷ್ಟ್ರೀಯ ಸಮಿತಿ ಅಮಾನತು ಮಾಡಿತ್ತು.

ಸೋಚಿಯ ಉದ್ಘಾಟನೆ 2014ರ ಫೆಬ್ರವರಿ 7ಕ್ಕೆ. ನಮ್ಮ ಮಹನೀಯರು ಹೊಸ ಚುನಾವಣೆ ಇಟ್ಟುಕೊಂಡದ್ದು ಫೆಬ್ರವರಿ 9ಕ್ಕೆ! ಅಮಾನತು ತೆರವಾದದ್ದು 11ಕ್ಕೆ. ಕೇಶವನ್ ಅವರ ಸ್ಪರ್ಧೆ 8 ಮತ್ತು 9ರಂದೇ ಮುಗಿದುಹೋಗಿತ್ತು. ಒಂದು ವಾರ ಮುಂಚೆ ಚುನಾವಣೆ ಮಾಡಿದ್ದರೆ ಯಾರಪ್ಪನ ಗಂಟು ಹೋಗ್ತಿತ್ತು ಸ್ವಾಮಿ? ಇದು ದೇಶ ದೇಶಗಳ ಜಗಳ ಅಲ್ಲ, ಒಂದು ಸಮಿತಿಗೂ ಇನ್ನೊಂದು ಸಮಿತಿಗೂ ನಡೆದ ಜಗಳ, ಒಪ್ತೀನಿ. ಆದರೆ ಬರೆಯ ಆಕಾರ ಅದೇ ನೋಡಿ. ತಪ್ಪು ಮಾಡಿದವರು ಕುರ್ಚಿಯವರು. ಬಾವುಟ ಇಲ್ಲದೆ ನಡೆದವರು ಜಾರುಬಂಡಿಯವರು.

ಅದೇ ಸೋಚಿಯಲ್ಲಿ ಇನ್ನೂ ದೊಡ್ಡ ಆಟ ನಡೀತಿತ್ತು. ಉದ್ದೀಪನ ಮದ್ದು ಹಿಡಿಯಬೇಕಾದ ಪ್ರಯೋಗಾಲಯದ ಗೋಡೆಯಲ್ಲೇ ತೂತು ಕೊರೆದು, ರಾತ್ರಿಹೊತ್ತು ಮೂತ್ರದ ಬಾಟಲಿ ಬದಲಿಸ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. 2016ರಲ್ಲಿ ಮೆಕ್‌ಲಾರೆನ್ ವರದಿ ಇದನ್ನೆಲ್ಲ ಬಯಲಿಗೆ ತಂತು. ಕ್ರೀಡಾ ಸಚಿವರಾಗಿದ್ದ ವಿತಾಲಿ ಮುತ್ಕೊ ಅವರಿಗೆ 2017ರಲ್ಲಿ ಒಲಿಂಪಿಕ್ಸಿನಿಂದ ಜೀವಾವಧಿ ನಿಷೇಧ ಹಾಕಿದರು. 2019ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. ಮಂತ್ರಿ ಪಾರು. 2018ರಲ್ಲಿ, 2022ರಲ್ಲಿ ರಷ್ಯಾದ ಆಟಗಾರರಿಗೆ ಬಾವುಟವೂ ಇಲ್ಲ, ರಾಷ್ಟ್ರಗೀತೆಯೂ ಇಲ್ಲ. ಅವರಲ್ಲಿ ಮದ್ದು ತಿಂದವರೂ ಇದ್ದರೋ ಏನೋ, ಆದರೆ ಸೋಚಿಯ ಹೊತ್ತಿಗೆ ಇನ್ನೂ ಶಾಲೆಗೆ ಹೋಗ್ತಿದ್ದ ಮಕ್ಕಳೂ ಇದ್ದರಲ್ಲ! 2022ರಲ್ಲಿ ಹದಿನೈದು ವರ್ಷದ ಸ್ಕೇಟಿಂಗ್ ಹುಡುಗಿ ಕಮೀಲಾ ವಲಿಯೇವಾ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ಜಗತ್ತಿನ ಕ್ಯಾಮೆರಾಗಳ ಮುಂದೆ ಬಿದ್ದು ಎದ್ದು ಅತ್ತಳು. ನಾಲ್ಕು ವರ್ಷದ ನಿಷೇಧ ಅವಳಿಗೆ. ಹದಿನೈದರ ಹುಡುಗಿ ಆ ಮಾತ್ರೆಯನ್ನು ತಾನೇ ಹುಡುಕಿಕೊಂಡು ಹೋಗಿ ತಂದಳಾ? ಅವಳ ತಂಡದ ಕೈಲಿ ಸೋತವರಿಗಾದರೂ ನ್ಯಾಯ ಸಿಕ್ಕಿತಾ ಅಂದರೆ, ಆ ಸ್ಪರ್ಧೆಯ ಪದಕ ಅಮೆರಿಕ ಮತ್ತು ಜಪಾನಿನವರ ಕೈಸೇರಿದ್ದು 2024ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನ ಬೇಸಿಗೆ ಒಲಿಂಪಿಕ್ಸಿನಲ್ಲಿ! ಚಳಿಗಾಲದ ಪದಕ ಬೇಸಿಗೆಯ ಬಿಸಿಲಲ್ಲಿ.

*

"ಬರೀ ಕೆಟ್ಟದ್ದೇ ಹೇಳ್ತೀಯಲ್ಲ ಮಾರಾಯ, ಕೊರಿಯಾ ನೋಡು, ಆಟದಿಂದ ಶಾಂತಿ ಬರಲಿಲ್ವಾ?" ಅಂತೀರಾ? ನೋಡೋಣ.

2018ರ ಪ್ಯೊಂಗ್‌ಚಾಂಗ್ ಕೂಟಕ್ಕೆ ಒಂದು ತಿಂಗಳೂ ಇಲ್ಲದಾಗ ಎರಡೂ ಕೊರಿಯಾ ಸರ್ಕಾರಗಳು ಕೂತು, ಮಹಿಳಾ ಐಸ್ ಹಾಕಿಗೆ ಒಂದೇ ತಂಡ ಅಂತ ತೀರ್ಮಾನಿಸಿದವು. ದಕ್ಷಿಣದ 23 ಹುಡುಗಿಯರ ಜೊತೆ ಉತ್ತರದ 12 ಜನ. ಪ್ರತಿ ಪಂದ್ಯದಲ್ಲಿ ಉತ್ತರದ ಕನಿಷ್ಠ ಮೂವರನ್ನು ಆಡಿಸಲೇಬೇಕು. ಅಂದರೆ ವರ್ಷಗಟ್ಟಲೆ ಬೆವರು ಹರಿಸಿದ ದಕ್ಷಿಣದ ಕೆಲವು ಹುಡುಗಿಯರು ತಮ್ಮ ಊರಿನ ಒಲಿಂಪಿಕ್ಸಿನಲ್ಲೇ ಬೆಂಚು ಕಾಯಬೇಕು. ಅವರನ್ನು ಯಾರೂ ಕೇಳಲಿಲ್ಲ. ಹೇಗೂ ಈ ತಂಡ ಪದಕ ಗೆಲ್ಲೋದಲ್ಲ ಅಂತ ಅಲ್ಲಿನ ಪ್ರಧಾನಿಯೇ ಬಾಯಿಜಾರಿ ಹೇಳಿ, ಆಮೇಲೆ ಕ್ಷಮೆ ಕೇಳಿದರು. ಮೊದಲ ಎರಡು ಪಂದ್ಯ 0-8, 0-8. ಕಿಮ್ ತಂಗಿ ಬಂದರು, ಅಮೆರಿಕದ ಉಪಾಧ್ಯಕ್ಷರು ಬಂದರು, ಫೋಟೋ ಚೆನ್ನಾಗಿ ಬಂತು. ಶೃಂಗಸಭೆಗಳೂ ನಡೆದವು, ಇಲ್ಲ ಅನ್ನಲ್ಲ. 2020ರ ಜೂನಿನಲ್ಲಿ ಉತ್ತರ ಕೊರಿಯಾ ಎರಡೂ ದೇಶಗಳ ಸಂಪರ್ಕ ಕಚೇರಿಯನ್ನೇ ಸ್ಫೋಟಿಸಿ ಧೂಳು ಮಾಡಿತು.

ಆ ಹುಡುಗಿಯರು ಒಬ್ಬರಿಗೊಬ್ಬರು ಗೆಳತಿಯರಾದರು, ಅಗಲುವಾಗ ಅತ್ತರು. ಅದು ನಿಜವಾದ ಶಾಂತಿ, ಅದಕ್ಕೆ ನನ್ನ ನಮಸ್ಕಾರ. ಆದರೆ ಅದನ್ನು ಮಾಡಿದವರು ಹುಡುಗಿಯರು. ಆಟದಲ್ಲಿ ರಾಜಕೀಯ ಬೇಡ ಅನ್ನೋ ಒಲಿಂಪಿಕ್ ಸಮಿತಿ ಈ ರಾಜಕೀಯಕ್ಕೆ ತಾನೇ ಮುಂದೆ ನಿಂತು ಚಪ್ಪಾಳೆ ತಟ್ಟಿತು ಅನ್ನೋದನ್ನು ಮರೀಬೇಡಿ. ಸರ್ಕಾರಗಳು ತಂದರೆ ಅದು 'ಶಾಂತಿ', ಆಟಗಾರ ತಂದರೆ 'ರಾಜಕೀಯ'.

*

ಸಮಿತಿ ಯಾಕೆ ಹೀಗೆ ಬಾಗುತ್ತೆ? ಬರೀ ಹೇಡಿತನ ಅಂತ ಬೈದು ಬಿಟ್ಟರೆ ಅರ್ಧ ಮಾತಾಗುತ್ತೆ. ಲೆಕ್ಕ ನೋಡಿ. ಚಳಿಗಾಲದ ಕೂಟ ನಡೆಸೋಕೆ ಬೆಟ್ಟ ಬೇಕು, ಹಿಮ ಬೇಕು, ರಾಶಿ ರಾಶಿ ದುಡ್ಡು ಬೇಕು. ಸೋಚಿಗೆ ಆದ ಖರ್ಚು ಐವತ್ತು ಬಿಲಿಯನ್ ಡಾಲರಿಗೂ ಹೆಚ್ಚು ಅನ್ನೋದು ಎಲ್ಲೆಡೆ ಹೇಳುವ ಲೆಕ್ಕ. 2022ರ ಕೂಟ ಬೇಕು ಅಂತ ಮೊದಲು ಬಂದವರಲ್ಲಿ ಓಸ್ಲೋ, ಸ್ಟಾಕ್‌ಹೋಮ್, ಕ್ರಾಕೋವ್, ಉಕ್ರೇನಿನ ಲ್ವೀವ್ ಇದ್ದವು. ಕ್ರಾಕೋವ್ ಜನ ಮತ ಹಾಕಿ ಬೇಡ ಅಂದರು. ಸ್ಟಾಕ್‌ಹೋಮ್, ಓಸ್ಲೋ ಖರ್ಚಿಗೆ ಹೆದರಿ ಹಿಂದೆ ಸರಿದವು. ಲ್ವೀವ್ ಯುದ್ಧದ ಕಾರಣಕ್ಕೆ ಕೈಬಿಟ್ಟಿತು. ಕೊನೆಗೆ ಉಳಿದವು ಎರಡೇ, ಬೀಜಿಂಗ್ ಮತ್ತು ಕಜಾಕಸ್ತಾನದ ಅಲ್ಮಾಟಿ. 44-40 ಮತಗಳಿಂದ ಬೀಜಿಂಗ್ ಗೆದ್ದಿತು.

ಅಂದರೆ, ಜನರನ್ನು ಕೇಳುವ ಕಡೆ ಬೇಡ ಅಂತಾರೆ. ಕೇಳದ ಕಡೆ ಬೇಕು ಅಂತಾರೆ. ಆತಿಥೇಯರು ಸಿಗೋದೇ ಕಷ್ಟ ಆದಾಗ ಸಿಕ್ಕ ಆತಿಥೇಯನಿಗೆ ಎದುರು ಮಾತಾಡೋಕಾಗುತ್ತಾ? ಉಣ್ಣೋ ಮನೆಯ ಜಂತೆ ಎಣಿಸಬಾರದು ಅಂತ ಸಮಿತಿ ಸುಮ್ಮನಾಗುತ್ತೆ. ಆಟಗಾರನಿಗೆ ಎದುರು ಮಾತಾಡೋದು ಸುಲಭ. ಅವನಿಗಿರೋದು ನಾಲ್ಕು ವರ್ಷಕ್ಕೊಂದು ಸರದಿ, ಅದೂ ಒಂದು ನಿಮಿಷದ್ದು.

ಬೀಜಿಂಗಿನಲ್ಲಿ ಏನಾಯ್ತು ನೆನಪಿದೆಯಲ್ಲ? 2020ರ ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತರು. ಆ ಘರ್ಷಣೆಯಲ್ಲಿದ್ದ ಚೀನೀ ಸೇನಾಧಿಕಾರಿ ಚಿ ಫಾಬಾವೊ ಕೈಗೆ 2022ರ ಒಲಿಂಪಿಕ್ ಜ್ಯೋತಿ ಕೊಟ್ಟು ಓಡಿಸಿದರು. ಉದ್ಘಾಟನೆಯಲ್ಲಿ ಜ್ಯೋತಿ ಬೆಳಗಿಸೋಕೆ, ಶಿನ್‌ಜಿಯಾಂಗ್ ಬಗ್ಗೆ ಬಾಯಿಬಿಡ್ತಿದ್ದ ಜಗತ್ತಿಗೆ ಉತ್ತರ ಎಂಬಂತೆ, ಉಯ್ಗುರ್ ಸಮುದಾಯದ ಸ್ಕೀ ಆಟಗಾರ್ತಿಯೊಬ್ಬಳನ್ನು ನಿಲ್ಲಿಸಿದರು. ಇದರಲ್ಲಿ ಸಮಿತಿಗೆ ರಾಜಕೀಯ ಕಾಣಲಿಲ್ಲ.

ಆಗ ನಮ್ಮ ದೇಶ ಏನು ಮಾಡಿತು? ರಾಜತಾಂತ್ರಿಕರು ಉದ್ಘಾಟನೆಗೂ ಸಮಾರೋಪಕ್ಕೂ ಹೋಗಲ್ಲ ಅಂದಿತು. ದೂರದರ್ಶನ ಆ ಎರಡೂ ಸಮಾರಂಭ ತೋರಿಸಲಿಲ್ಲ. ಆದರೆ ಭಾರತದ ಒಬ್ಬನೇ ಸ್ಪರ್ಧಿ, ಕಾಶ್ಮೀರದ ಆರಿಫ್ ಖಾನ್, ತ್ರಿವರ್ಣ ಹಿಡಿದು ನಡೆದ, ಜಯಂಟ್ ಸ್ಲಾಲಮ್‌ನಲ್ಲಿ 45ನೆಯವನಾದ. ಸರ್ಕಾರಗಳನ್ನು ಹೊಗಳೋ ಅಭ್ಯಾಸ ನನಗಿಲ್ಲ, ಆದರೂ ಇದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಕೋಪ ಸರ್ಕಾರದ್ದು, ಹಾಗಾಗಿ ಖಾಲಿಯಾದದ್ದು ಸರ್ಕಾರದ ಕುರ್ಚಿ. ಆಟಗಾರನ ಜಾಗ ಖಾಲಿಯಾಗಲಿಲ್ಲ. 1980ರಲ್ಲಿ ಕಾರ್ಟರ್‌ಗೆ ಇಷ್ಟು ಹೊಳೆದಿದ್ದರೆ ಎಷ್ಟು ಜನರ ಬದುಕು ಉಳೀತಿತ್ತು!

*

"ಹಾಗಾದರೆ ಎಲ್ಲರೂ ಹೆಲ್ಮೆಟ್ ಮೇಲೆ ತಮ್ಮ ತಮ್ಮ ರಾಜಕೀಯ ಬರ್ಕೊಂಡು ಬರಲಾ? ನಾಳೆ ಒಬ್ಬ ದ್ವೇಷ ಬರ್ಕೊಂಡು ಬಂದರೆ?" ನ್ಯಾಯವಾದ ಪ್ರಶ್ನೆ. ಪದಕದ ಮೆಟ್ಟಿಲು ಚುನಾವಣಾ ವೇದಿಕೆ ಆಗಬಾರದು, ನಾನೂ ಒಪ್ತೀನಿ. ಆದರೆ ಸತ್ತ ಗೆಳೆಯನ ಮುಖಕ್ಕೂ, ಇನ್ನೊಬ್ಬನನ್ನು ಕೊಲ್ಲಿ ಅನ್ನೋ ಮಾತಿಗೂ ವ್ಯತ್ಯಾಸ ಗೊತ್ತಾಗದಷ್ಟು ನಾವು ದಡ್ಡರಲ್ಲ. ಸಮಿತಿಯವರೂ ಅಲ್ಲ. 2002ರಲ್ಲಿ ಅವರಿಗೆ ಚೆನ್ನಾಗಿಯೇ ಗೊತ್ತಾಗಿತ್ತಲ್ಲ.

"ಪುಟಿನ್ ಮಾಡಿದ ಯುದ್ಧಕ್ಕೆ ಸ್ಕೇಟಿಂಗ್ ಹುಡುಗಿ ಯಾಕೆ ಬೆಲೆ ತೆರಬೇಕು?" ಇದೂ ನ್ಯಾಯವೇ. ನನ್ನ ಉತ್ತರ ಇದು. ಯುದ್ಧಕ್ಕೆ ಹೊರಟ ಸರ್ಕಾರದ ಬಾವುಟ, ಗೀತೆ, ಮಂತ್ರಿ, ಪದಾಧಿಕಾರಿ, ಎಲ್ಲ ಹೊರಗಿರಲಿ. ಸೇನೆಯ ಸಂಬಳ ತಗೊಳ್ಳದ, ಯುದ್ಧಕ್ಕೆ ಜೈಕಾರ ಹಾಕದ ಆಟಗಾರ ತಟಸ್ಥನಾಗಿ ಒಳಗೆ ಬರಲಿ. 2026ರಲ್ಲಿ ರಷ್ಯಾ, ಬೆಲಾರೂಸಿನ ಕೆಲವರು ಹೀಗೇ ಬಂದಿದ್ದರು. ಈ ವ್ಯವಸ್ಥೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ತಕ್ಕಡಿಯ ಬಗ್ಗೆ. 2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿತು, 2006ರ ತೂರಿನ್ ಕೂಟದಲ್ಲಿ ಅದರ ಬಾವುಟ ಹಾರಾಡ್ತಾನೇ ಇತ್ತು. 2008ರಲ್ಲಿ ರಷ್ಯಾ ಜಾರ್ಜಿಯಾದೊಳಗೆ ಹೋಯ್ತು, ಸೋಚಿಯನ್ನು ಅದರ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಗಾಜಾದಲ್ಲಿ ಅಷ್ಟೊಂದು ಮಕ್ಕಳು ಸತ್ತಮೇಲೂ ಇಸ್ರೇಲಿನ ಬಾವುಟ ಮಿಲಾನಿಗೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಹಾಕಿ ತೂಗಿದರೆ ಅದು ನ್ಯಾಯದ ತಕ್ಕಡಿ ಅಲ್ಲ, ಸಂತೆಯ ಮೋಸದ ತಕ್ಕಡಿ.

ಹಾಗಾಗಿ ನಾನು ಕೇಳೋದು ಮೂರೇ.

ಒಂದು, ಯಾವ ತಪ್ಪಿಗೆ ಯಾವ ಶಿಕ್ಷೆ ಅಂತ ಮೊದಲೇ ಬರೆದಿಡಿ. ಯುದ್ಧ ಶುರುವಾದಮೇಲೆ, ಶುರು ಮಾಡಿದವನ ಮುಖ ನೋಡಿ ಬರೀಬೇಡಿ.

ಎರಡು, ಕುರ್ಚಿಯವರ ತಪ್ಪಿಗೆ ಮೊದಲು ಕುರ್ಚಿ ಕಿತ್ತುಕೊಳ್ಳಿ. ಆತಿಥ್ಯ, ಸಮಿತಿಯ ಸ್ಥಾನ, ಗಣ್ಯರ ಸಾಲಿನ ಸೀಟು, ಇವು ಮೊದಲು ಹೋಗಲಿ. ಆಟಗಾರನ ಸರದಿಗೆ ಕೈ ಹಾಕೋದು ಕಟ್ಟಕಡೆಗೆ.

ಮೂರು, ಸತ್ತವರನ್ನು ನೆನೆಯೋದು ರಾಜಕೀಯ ಅಲ್ಲ ಅಂತ ನಿಯಮದಲ್ಲೇ ಹೇಳಿ. ಆ ಸತ್ತವರು ದೊಡ್ಡ ದೇಶದವರಾಗಿರಲಿ, ಚಿಕ್ಕ ದೇಶದವರಾಗಿರಲಿ.

ಇಷ್ಟೂ ಆಗದಿದ್ದರೆ, ದಯವಿಟ್ಟು ಆ ಭಜನೆಯನ್ನಾದರೂ ನಿಲ್ಲಿಸಿ. ರಾಜಕೀಯ ಮಾಡ್ತೀವಿ, ಆದರೆ ಮಾಡೋ ಹಕ್ಕು ನಮಗೆ ಮಾತ್ರ, ನೀನು ಸುಮ್ಮನೆ ಜಾರು ಅಂತ ನೇರವಾಗಿ ಹೇಳಿಬಿಡಿ. ಕೇಳೋಕೆ ಚೆನ್ನಾಗಿರಲ್ಲ, ಆದರೆ ಸತ್ಯವಾದರೂ ಆಗಿರುತ್ತೆ.

ಮುಂದಿನ ಚಳಿಗಾಲದ ಕೂಟ 2030ಕ್ಕೆ, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ. ಅಷ್ಟರೊಳಗೆ ಇನ್ನೆಷ್ಟು ಎತ್ತುಗಳಿಗೆ ಜ್ವರ ಬರುತ್ತೋ, ಯಾವ ಎಮ್ಮೆಗೆ ಕಬ್ಬಿಣ ಕಾಯ್ತಿದೆಯೋ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಬರೀರಿ. ಜಗಳಕ್ಕೆ ನಾನು ಸಿದ್ಧ, ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದೀನಿ.